ಅಂದು ನನಗೆ ನಿದ್ದೆ ಹತ್ತಿರಲಿಲ್ಲ

ಕಮಲಾಪುರ
ಬುಧವಾರ, ೧೪ ನವೆಂಬರ್ ೨೦೦೭

ಮಗನೇ ಕನಕರಾಜ,

ಈ ಅಕ್ಷರ ಯಾರದೆಂದು ನಿನಗೆ ಗುರುತು ಸಿಗಲಿಕ್ಕಿಲ್ಲ. ನಿಮ್ಮಪ್ಪ ಪಕ್ಕೀರಪ್ಪ ಬರೆಯುತ್ತಿದ್ದೇನೆ. ಹತ್ತು ವರ್ಷದಲ್ಲಿ ನಿನಗೆ ನಾನು ಬರೆಯುವ ಮೊದಲ ಕಾಗದ ಇದು. ಹೆಸರು ನೋಡಿ ಹರಿಯಬೇಕೆನಿಸಿದರೆ ಹರಿ, ಆದರೆ ಮೊದಲ ಹಾಳೆಯನ್ನಾದರೂ ಓದಿ ಹರಿ.

ನಿನ್ನ ಆರೋಗ್ಯ ಹೇಗಿದೆ? ಕಾಗದದ ಮೊದಲಿಗೆ ಎಲ್ಲರೂ ಇದನ್ನು ಕೇಳುತ್ತಾರೆ, ಕೇಳಿ ಮುಂದೆ ಹೋಗುತ್ತಾರೆ. ನಾನು ಉತ್ತರ ಬೇಕೆಂದೇ ಕೇಳುತ್ತಿದ್ದೇನೆ. ಮುಂಜಾನೆ ಎಚ್ಚರವಾದಾಗ ಸೊಂಟದ ಕೆಳಗೆ, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ, ಆಳದಲ್ಲಿ ನೋಯುತ್ತದೆಯೇ? ಮಗ್ಗುಲು ಬದಲಿಸಬೇಕಾದರೆ ಮಂಚದ ಅಂಚು ಹಿಡಿಯಬೇಕಾಗುತ್ತದೆಯೇ? ಎದ್ದು ಒಂದೆರಡು ತಾಸು ಓಡಾಡಿದ ಮೇಲೆ ಅದು ತಾನಾಗಿ ಸಡಿಲಾಗುತ್ತದೆಯೇ? ಮಧ್ಯಾಹ್ನದ ಹೊತ್ತಿಗೆ, ಬೆಳಿಗ್ಗೆ ನಿಜವಾಗಿ ನೋಯುತ್ತಿತ್ತೋ ಇಲ್ಲವೋ ಎಂದು ನಿನಗೇ ನಿನ್ನ ಮೇಲೆ ಅನುಮಾನ ಬರುತ್ತದೆಯೇ? ಇವಕ್ಕೆ ಹೌದು ಎನ್ನುವುದಾದರೆ ಉಳಿದ ಹಾಳೆಗಳನ್ನೂ ಓದು. ನೀನು ಸೋಮಾರಿಯಲ್ಲ. ನಿನಗೊಂದು ರೋಗವಿರಬೇಕು, ಅದಕ್ಕೊಂದು ಹೆಸರಿದೆ. ಅದು ಬಂದಿದ್ದರೆ ನನ್ನ ಕಡೆಯಿಂದ ಬಂದದ್ದು.

ನನಗೆ ಹೇಗೆ ಗೊತ್ತಾಯಿತು ಎಂದರೆ, ಬುಕ್ಕಸಾಗರದಲ್ಲಿ ಭರಮಣ್ಣ ಎಂಬ ನನ್ನ ಸ್ನೇಹಿತನ ಬಾಳೆತೋಟವಿದೆ. ನಿಮ್ಮ ಓಣಿಯ ಜಂಬವ್ವ ಅವನ ತೋಟದಿಂದಲೇ ಗೊನೆ ಒಯ್ದು ಕಂಪ್ಲಿಯಲ್ಲಿ ಮಾರುತ್ತಾಳೆ. ಇಷ್ಟು ವರ್ಷ ನಿಮ್ಮ ಸುದ್ದಿ ನನಗೆ ಮುಟ್ಟಿದ್ದು ಅವಳ ಬಾಯಿಂದ. ನೀನು ಎಸ್ಸೆಲ್ಸಿ ಪಾಸಾದದ್ದು, ನಿಮ್ಮವ್ವ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದ್ದು, ನಿಮ್ಮ ಮಾವ ಚನ್ನಯ್ಯ ಟಿಪ್ಪರ್ ಕೊಂಡು ಅದಿರು ಹೊಡೆಯತೊಡಗಿದ್ದು, ನೀನು ಮರಿಯಮ್ಮನಹಳ್ಳಿಯ ಅವನ ಯಾರ್ಡಿಗೆ ಗಾಡಿ ನೋಡಿಕೊಳ್ಳಲು ಹೋದದ್ದು ಎಲ್ಲವೂ ನನಗೆ ಗೊತ್ತು. ಹೋದ ತಿಂಗಳು ಅವಳು ಗೊನೆ ಕೆಳಗಿಟ್ಟು ಹೇಳಿದಳು: "ನಿನ್ನ ಮಗನ್ನ ಕೆಲಸ ಬಿಡಿಸ್ಯಾರಪ್ಪ. ಆರಕ್ಕ ಗಾಡಿ ಹತ್ರ ಇರಬೇಕಂತ, ಇವ ಎಂಟಾದ್ರೂ ಏಳಂಗಿಲ್ಲ. ಎದ್ರ ಗ್ವಾಡಿ ಹಿಡಕಂಡು ಮುದುಕರಂಗ ನಡೀತಾನ, ಮಧ್ಯಾಹ್ನ ನೋಡಿದ್ರ ನೆಟ್ಟಗ ಇರ್ತಾನ. ನಾಟಕ ಅಂತಾನ ಅವರ ಮಾವ. ಅಪ್ಪನ ರಕ್ತ ಎಲ್ಲಿ ಹೋಗ್ತೈತಿ ಅಂತಾನ."

ಅವಳು ಚುಚ್ಚಲೆಂದು ಹೇಳಿದ್ದಲ್ಲ, ಕೇಳಿದ್ದನ್ನು ಹೇಳಿದಳು. ಕನಕ, ಒಂದು ಮಾತನ್ನು ನಿನ್ನಿಂದ ಮುಚ್ಚಿಡಲಾರೆ. ಅದನ್ನು ಕೇಳಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ. ಒಂದು ಉಸಿರು ಬಿಡುವಷ್ಟು ಹೊತ್ತು ಸಮಾಧಾನವೆನಿಸಿತು. ಹತ್ತೊಂಬತ್ತು ವರ್ಷ ಈ ನೋವಿನ ಜೊತೆ ಒಬ್ಬನೇ ಇದ್ದವನಿಗೆ, ಇದು ಹೇಗಿರುತ್ತದೆಂದು ಬಲ್ಲವನು ಇನ್ನೊಬ್ಬನಿದ್ದಾನೆ ಎಂದು ತಿಳಿದ ಸಮಾಧಾನ ಅದು. ಆ ಇನ್ನೊಬ್ಬ ನನ್ನ ಮಗ ಎಂಬುದು ಆಮೇಲೆ ತಲೆಗೆ ಹೋಯಿತು. ಅಲ್ಲೇ ತೋಟದ ಬದುವಿನ ಮೇಲೆ ಕುಸಿದು ಕೂತೆ. ಹಾಗೆ ನೆಲಕ್ಕೆ ಕೂತರೆ ನಾನೊಬ್ಬನೇ ಏಳಲಾರೆ. ಭರಮಣ್ಣ, ಜಂಬವ್ವ ಇಬ್ಬರೂ ರಟ್ಟೆ ಹಿಡಿದು ಎಬ್ಬಿಸಿದರು.

ನನಗಿದು ಶುರುವಾದಾಗ ನಿನಗೆ ಒಂದು ವರ್ಷ, ನನಗೆ ಇಪ್ಪತ್ತಾರು. ಆಗ ನಾವು ಸಂಡೂರಿನಲ್ಲಿದ್ದೆವು. ಗಣಿಯಿಂದ ಹೊಸಪೇಟೆಯ ರೈಲು ಸ್ಟೇಷನ್ನಿಗೆ ನಾನು ಅದಿರಿನ ಲಾರಿ ಹೊಡೆಯುತ್ತಿದ್ದೆ. ಈಗಿನಂತೆ ಲಾರಿಯ ಬಾಲಕ್ಕೆ ಲಾರಿ ಇರುತ್ತಿರಲಿಲ್ಲ, ಘಾಟಿಯಲ್ಲಿ ಹಾಡು ಹೇಳಿಕೊಂಡು ಇಳಿಯಬಹುದಿತ್ತು. ಸೀಟಿನಿಂದ ಇಳಿದಾಗ ನಡ ಹಿಡಿಯುತ್ತದೆ ಎಂದು ಒಮ್ಮೆ ಬಾಯಿ ಬಿಟ್ಟೆ. ಹಳೆಯ ಡ್ರೈವರೊಬ್ಬ ನಕ್ಕು, "ನಡಾ ಹೋದ ಡ್ರೈವರು, ಕಮಾನು ಮುರದ ಲಾರಿ, ಎರಡೂ ಶೆಡ್ಡಿಗೇ" ಎಂದ. ಅಂದಿನಿಂದ ಬಾಯಿ ಮುಚ್ಚಿದೆ. ಗುಟ್ಟಾಗಿ ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದರು. ಹಳ್ಳಿಯೊಂದಕ್ಕೆ ಹೋಗಿ ಕಾದ ಕಬ್ಬಿಣದಿಂದ ಬೆನ್ನಿಗೆ ಚುಟಿಗೆ ಹಾಕಿಸಿಕೊಂಡೆ. ಸುಟ್ಟ ಗಾಯ ಮಾಯಿತು, ನೋವು ಇದ್ದಲ್ಲೇ ಇತ್ತು.

ಮನೆಯಲ್ಲೂ ಹೇಳಲಿಲ್ಲ. ನಿಮ್ಮವ್ವ ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರವಾಗಿರುತ್ತಿತ್ತು, ಆದರೂ ಗೋಡೆಗೆ ಮುಖ ಮಾಡಿ ನಿದ್ದೆಯವನಂತೆ ಬಿದ್ದಿರುತ್ತಿದ್ದೆ. ಮುಂಜಾನೆಯ ಟ್ರಿಪ್ಪನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮಧ್ಯಾಹ್ನದ್ದನ್ನು ತೆಗೆದುಕೊಳ್ಳುತ್ತಿದ್ದೆ. ನೀನು ಓಡಿ ಬಂದು ಬೆನ್ನ ಮೇಲೆ ಹತ್ತಿದರೆ ಬೈದು ಇಳಿಸುತ್ತಿದ್ದೆ. ಅದು ನಿನಗೆ ನೆನಪಿಲ್ಲದಿದ್ದರೆ ಒಳ್ಳೆಯದು. ನೆನಪಿದ್ದರೆ, ಬೈದದ್ದು ನಿನಗಲ್ಲ ಎಂದು ಈಗ ತಿಳಿದುಕೋ.

ನಿಮ್ಮ ತಾತ, ನಿಮ್ಮವ್ವನ ಅಪ್ಪ, ತೀರಿಹೋದ ದಿನವಂತೂ ನಿನಗೆ ನೆನಪಿರಲೇಬೇಕು, ಆಗ ನಿನಗೆ ಹತ್ತು ವರ್ಷ. ಜನವರಿಯ ಚಳಿ. ಐದು ಗಂಟೆಗೆ ಅವಳ ತವರು ಕಂಪ್ಲಿಯಿಂದ ಆಳು ಬಂದು ಸುದ್ದಿ ಹೇಳಿದ. ನಿಮ್ಮವ್ವ ಅಳುತ್ತಲೇ ನಿನಗೆ ಅಂಗಿ ತೊಡಿಸಿ, "ಏಳ್ರಿ, ಮೊದಲನೇ ಬಸ್ಸಿಗೆ ಹೋಗೋಣು" ಎಂದಳು. ನನಗೆ ಕುತ್ತಿಗೆಯಿಂದ ಕೆಳಗೆ ಹಲಗೆ ಜಡಿದಂತಾಗಿತ್ತು. ತಲೆ ಎತ್ತಲೂ ಬರುತ್ತಿರಲಿಲ್ಲ. "ನೀ ಮುಂದ ನಡಿ, ನಾ ಹಿಂದಿಂದ ಬರ್ತೀನಿ" ಎಂದೆ. ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿದಳು. ನಿನ್ನ ಕೈ ಹಿಡಿದು ಹೋದಳು.

ನಾನು ಮಂಚದಿಂದ ಉರುಳಿ ನೆಲಕ್ಕೆ ಬಿದ್ದು, ತೆವಳಿ ಒಲೆಯ ಹತ್ತಿರ ಹೋಗಿ, ನೀರು ಕಾಯಿಸಿ ಮೈಮೇಲೆ ಸುರಿದುಕೊಂಡು ಹೊರಬೀಳುವಾಗ ಹತ್ತೂವರೆ. ಕಂಪ್ಲಿ ಮುಟ್ಟಿದಾಗ ಮೂರು ಗಂಟೆ. ಮಣ್ಣು ಮಾಡಿ ಬಂದು ಎಲ್ಲರೂ ಕಟ್ಟೆಯ ಮೇಲೆ ಕೂತಿದ್ದರು. ನಿಮ್ಮ ಮಾವ ಚನ್ನಯ್ಯ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಬರ್ರಿ ಭಾವ. ನಿದ್ದಿ ಆತೇನು?" ಎಂದ. ಆಗಲೇ ನಿಜ ಹೇಳಬಹುದಿತ್ತು. ಒಂದೇ ಮಾತು ಸಾಕಾಗಿತ್ತು. ನಾನು ತಲೆ ತಗ್ಗಿಸಿ, "ಹೂಂ, ನಿದ್ದಿ ಹತ್ತಿಬಿಡ್ತು" ಎಂದೆ. ರೋಗಿ ಎನ್ನಿಸಿಕೊಂಡರೆ ಲಾರಿ ಹೋಗುತ್ತದೆ, ಸೋಮಾರಿ ಎನ್ನಿಸಿಕೊಂಡರೆ ಬೈಗುಳದಲ್ಲಿ ಮುಗಿಯುತ್ತದೆ ಎಂದು ಒಳಗೇ ಲೆಕ್ಕ ಹಾಕಿಬಿಟ್ಟಿದ್ದೆ. ನಿಮ್ಮವ್ವ ಒಳಬಾಗಿಲಲ್ಲೇ ನಿಂತಿದ್ದಳು. ದಿನಕರ್ಮವೆಲ್ಲ ಮುಗಿದ ಮೇಲೆ ಅವಳು ನನ್ನ ಜೊತೆ ಸಂಡೂರಿಗೆ ಬರಲಿಲ್ಲ. ತನ್ನ ಅಪ್ಪ ಸತ್ತ ದಿನ ಮಲಗಿಯೇ ಇದ್ದ ಗಂಡನ ಮನೆಗೆ ಯಾವ ಹೆಂಗಸು ಬಂದಾಳು? ತಪ್ಪು ಅವಳದಲ್ಲ, ಅವಳಿಗೆ ಆ ಸುಳ್ಳು ಕೊಟ್ಟವನು ನಾನು.

ಮುಂದೆ ಎರಡು ವರ್ಷಕ್ಕೆ ಲಾರಿಯೂ ಹೋಯಿತು. ಒಂದು ದಿನ ಬಲಗಣ್ಣು ಕೆಂಪಗೆ ಕೆಂಡದಂತಾಗಿ ಬೆಳಕು ನೋಡಲಾಗಲಿಲ್ಲ. ಹೊಸಪೇಟೆಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಆಕೆ ಕಣ್ಣು ನೋಡಿ, "ಬೆಳಿಗ್ಗೆ ಎದ್ದಾಗ ಬೆನ್ನು ಹಿಡಿಯುತ್ತಾ?" ಎಂದು ಕೇಳಿದರು. ಹನ್ನೊಂದು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಕಣ್ಣಿನ ಡಾಕ್ಟರು ಕೇಳಿದರು. ನಾನು ಆ ಸ್ಟೂಲಿನ ಮೇಲೆ ಕೂತು ಅತ್ತೆ. ಕಣ್ಣಿನ ಉರಿಗೆ ಎಂದುಕೊಂಡು ಅವರು ಹತ್ತಿ ಕೊಟ್ಟರು. ಬಳ್ಳಾರಿಯ ಕೀಲುರೋಗದ ಡಾಕ್ಟರಿಗೆ ಚೀಟಿ ಬರೆದದ್ದೂ ಅವರೇ. ಅಲ್ಲಿ ಹೆಸರು ಸಿಕ್ಕಿತು, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನಿನ ಎಲುಬುಗಳು ಬಾತು ಬಾತು ಕೊನೆಗೆ ಒಂದಕ್ಕೊಂದು ಬೆಸೆದುಕೊಳ್ಳುವ ರೋಗ, ಕೆಲವರಿಗೆ ಕಣ್ಣೂ ಕೆಂಪಾಗುತ್ತದಂತೆ. ಹೋಗುವುದಿಲ್ಲ, ಆದರೆ ಹತೋಟಿಯಲ್ಲಿ ಇಡಬಹುದು. "ಇದು ಮಲಗಿದವರನ್ನ ಗೆಲ್ಲುತ್ತೆ, ಓಡಾಡೋರಿಗೆ ಹೆದರುತ್ತೆ" ಎಂದರು ಆ ಡಾಕ್ಟರು. ಬಸ್ಸಿನಲ್ಲಿ ಬರುವಾಗ ಆ ಹೆಸರನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದೆ.

ಮರುದಿನವೇ ಎಕ್ಸ್‌ರೇಯ ದೊಡ್ಡ ಕವರು ಹಿಡಿದು ಕಂಪ್ಲಿಗೆ ಹೋದೆ. ನೀನು ಶಾಲೆಗೆ ಹೋಗಿದ್ದೆ. ನಿಮ್ಮವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟು, "ಏನ್ ಬಂದ್ರಿ?" ಎಂದಳು. ಅವಳ ಮುಖ ಎರಡು ವರ್ಷದಲ್ಲಿ ತಿಳಿಯಾಗಿತ್ತು. ವಾಸಿಯಾಗದ ರೋಗವೊಂದನ್ನು ತಂದು ಅವಳ ಅಂಗಳದಲ್ಲಿ ಇಳಿಸಲು ಬಂದಿದ್ದೇನೆ ಎನಿಸಿತು. "ಹುಡುಗನ್ನ ನೋಡಾಕ ಬಂದೆ" ಎಂದೆ. ನೀರು ಕೊಟ್ಟಳು, ಕುಡಿದೆ. ಕವರನ್ನು ಕಂಕುಳಲ್ಲೇ ಇಟ್ಟುಕೊಂಡು ವಾಪಸು ಬಂದೆ.

ಇಷ್ಟೇ ಹೇಳಿದರೆ ನಿನಗೆ ಹೆದರಿಕೆಯಾದೀತು. ನಾನು ಬದುಕಿದ್ದನ್ನೂ ಹೇಳಬೇಕು. ಹಂಪಿಯಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಹಾಕಿ ಏಳು ವರ್ಷವಾಯಿತು. ಬಗ್ಗಿ ಪಂಕ್ಚರ್ ಹಾಕಲಾಗದು, ಅದಕ್ಕೆ ತೊಲೆಗೆ ಹಗ್ಗ ಕಟ್ಟಿ ಸೈಕಲ್ಲನ್ನೇ ನನ್ನ ಎದೆಮಟ್ಟಕ್ಕೆ ಎತ್ತಿ ನಿಲ್ಲಿಸುತ್ತೇನೆ. ಸೀಟು ಎತ್ತರಿಸಲೋ ಇಳಿಸಲೋ ಎಂದು ನಾಲ್ಕು ಭಾಷೆಯಲ್ಲಿ ಕೇಳಬಲ್ಲೆ. ಹೊಸಪೇಟೆಯ ಟಾಕೀಸಿನಲ್ಲಿ ಹೊಸ ಪಿಕ್ಚರ್ ಬಂದರೆ ಹಿಂದಿನ ಸಾಲಿನ ಹಿಂದೆ ನಿಂತು ಪೂರ್ತಿ ನೋಡುತ್ತೇನೆ. ಟಿಕೆಟ್ ಹರಿಯುವವನಿಗೆ ಗೊತ್ತು, ಕೂರು ಎಂದು ಬಲವಂತ ಮಾಡುವುದಿಲ್ಲ. ಶನಿವಾರ ಕಮಲಾಪುರದ ಹನುಮಪ್ಪನ ಗುಡಿಯಲ್ಲಿ ಭಜನೆ. ಎಲ್ಲರೂ ಕೂತು ಹಾಡುತ್ತಾರೆ, ನಾನು ಕಂಬಕ್ಕೆ ಒರಗಿ ನಿಂತು ತಾಳ ಹಾಕುತ್ತೇನೆ. ನೋವು ಒಂದು ದಿನವೂ ರಜೆ ಹಾಕಿಲ್ಲ. ಹಾಗೆಂದು ನಾನೂ ಹಾಕಿಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಉಳಿಸಿದ್ದು ನೀರು. ಡಾಕ್ಟರು ಈಜಲು ಹೇಳಿದ್ದರು. ಮೂವತ್ತೆಂಟರ ವಯಸ್ಸಿನಲ್ಲಿ ಈಜು ಕಲಿಯುವುದೆಂದರೆ ನಾಚಿಕೆ. ಭರಮಣ್ಣ ಆಗಿನ್ನೂ ಸೈಕಲ್ ರಿಪೇರಿಗೆ ಬರುತ್ತಿದ್ದ ಗಿರಾಕಿ, ಅಷ್ಟೇ. ಅವನು ಕಾಲುವೆಯ ದಂಡೆಯಲ್ಲಿ ನಿಂತು, "ಇಳಿಯಲೇ ಪಕ್ಕೀರ. ನೀರಿನಾಗ ಯಾರಿಗೂ ನಡಾ ಇರಂಗಿಲ್ಲ" ಎಂದು ಕೈ ಹಿಡಿದು ಇಳಿಸಿಯೇಬಿಟ್ಟ. ಒಂದು ತಿಂಗಳು ನೀರು ಕುಡಿದೆ. ಆಮೇಲೆ ಒಂದು ದಿನ ಅಂಗಾತ ತೇಲಿದೆ. ಕಿವಿಯೊಳಗೆ ನೀರು, ಮುಖದ ಮೇಲೆ ಬಿಸಿಲು, ಮೈಯಲ್ಲಿ ಎಲ್ಲಿಯೂ ಏನೂ ಇಲ್ಲ. ನನ್ನ ಮೈ ನನಗೆ ಹೀಗೂ ಇರಬಲ್ಲದು ಎಂಬುದನ್ನು ಮರೆತೇಬಿಟ್ಟಿದ್ದೆ. ಇಂದಿಗೂ ದಿನಾ ಮುಕ್ಕಾಲು ತಾಸು ಕಾಲುವೆಯಲ್ಲಿ ಇರುತ್ತೇನೆ. ಆದರೆ ದಂಡೆ ಹತ್ತಿದ ಮೇಲೆ ಆ ಸುಖವನ್ನು ಯಾರಿಗೆ ಹೇಳುವುದು? ಭರಮಣ್ಣ ಒಳ್ಳೆಯವನು, ಆದರೆ ನೋವೇ ಇಲ್ಲದವನಿಗೆ ನೋವು ಬಿಟ್ಟ ಗಳಿಗೆ ಅರ್ಥವಾಗುವುದಿಲ್ಲ. ಕೋಣೆಗೆ ಬಂದು ಒಬ್ಬನಿಗೇ ಅನ್ನಕ್ಕಿಡುತ್ತೇನೆ. ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುವುದನ್ನು ಇನ್ನೂ ಬಿಟ್ಟಿಲ್ಲ.

ನೀನು ಎಂಟನೇ ಇಯತ್ತೆಯಲ್ಲಿದ್ದಾಗ ಶಾಲೆಯ ಹುಡುಗರ ಜೊತೆ ಹಂಪಿಗೆ ಬಂದಿದ್ದೆ. ಬಿಳಿ ಅಂಗಿ, ನೀಲಿ ಚಡ್ಡಿ, ಕೈಯಲ್ಲಿ ಅರ್ಧ ತಿಂದ ಸೌತೆಕಾಯಿ. ನನ್ನ ಅಂಗಡಿಯ ಎದುರಿಗೇ ನಿಂತು ಯಾರೊಂದಿಗೋ ನಗುತ್ತಿದ್ದೆ. ನಾನು ಸೈಕಲ್ಲುಗಳ ಹಿಂದೆ ಸರಿದು ನಿಂತೆ. ಅಷ್ಟರಲ್ಲಾಗಲೇ ನನ್ನ ಬೆನ್ನು ಬಾಗಿತ್ತು. ಹುಡುಗರೆದುರು ಇಂಥ ಅಪ್ಪ ನಿನಗೆ ಬೇಡವೆನಿಸಿತು. ನೀವು ಹೋದ ಮೇಲೆ ಅಂಗಡಿ ಮುಚ್ಚಿ, ಆ ದಿನವೆಲ್ಲ ನದಿಯ ದಂಡೆಯಲ್ಲಿ ಅಡ್ಡಾಡಿದೆ.

ಈಗ ಸರಿದು ನಿಲ್ಲಲಾರೆ. ಜಂಬವ್ವನ ಮಾತು ಕೇಳಿ ಹದಿನೈದು ದಿನ ಒದ್ದಾಡಿದೆ. ಹೋದ ಶುಕ್ರವಾರ ಮರಿಯಮ್ಮನಹಳ್ಳಿಯ ಯಾರ್ಡಿಗೆ ಹೋಗಿ ನಿಮ್ಮ ಮಾವನನ್ನು ಕಂಡೆ. ರಸ್ತೆ ತುಂಬ ಅದಿರಿನ ಲಾರಿ, ಬಸ್ಸು ಮೂರು ತಾಸು ನಿಂತಲ್ಲೇ ನಿಂತಿತ್ತು. ಇಳಿಯುವಾಗ ನನ್ನ ಬಿಳಿ ಪಂಚೆ ಕಾವಿಯಾಗಿತ್ತು. ಚನ್ನಯ್ಯನಿಗೆ ಮೊದಲು ನನ್ನ ಗುರುತು ಹತ್ತಲಿಲ್ಲ. ಹತ್ತಿದ ಮೇಲೆ "ಬರ್ರಿ" ಎಂದ, "ಕುಂದ್ರಿ" ಎನ್ನಲಿಲ್ಲ. ಡ್ರೈವರುಗಳೆಲ್ಲ ಅಲ್ಲೇ ಇದ್ದರು. ಅವರೆದುರೇ ಹೇಳಿದೆ.

"ಕನಕರಾಜ ನಾಟಕ ಮಾಡಾಕತ್ತಿಲ್ಲ ಚನ್ನಯ್ಯ. ಅವಗ ನನ್ನ ರೋಗ ಬಂದಂಗ ಕಾಣ್ತೈತಿ. ನಿಮ್ಮಪ್ಪ ಸತ್ತ ದಿನ ನನಗ ನಿದ್ದಿ ಹತ್ತಿರಲಿಲ್ಲ. ಏಳಾಕ ಬರಲಿಲ್ಲ."

ಅವನು ನನ್ನ ಬೆನ್ನನ್ನೇ ನೋಡುತ್ತ ನಿಂತ. ಆಮೇಲೆ, "ಹತ್ತು ವರ್ಷ ಆತಲ್ಲ ಭಾವ. ಆವಾಗ ಬಾಯಿಗೇನಾಗಿತ್ತು ನಿಮಗ?" ಎಂದ.

"ನಾಚಿಕಿ ಆಗಿತ್ತು" ಎಂದೆ.

"ನಮ್ಮಕ್ಕ ಎಷ್ಟು ಅತ್ತಾಳ ಗೊತ್ತೇನು? ನಮ್ಮಪ್ಪಗಿಂತ ನಿದ್ದಿ ಹೆಚ್ಚಾತಲ್ಲ ಅಂತ ಅತ್ತಾಳ."

ಆ ಮಾತಿಗೆ ನಾನು ಅಲ್ಲಿದ್ದ ಟಿಪ್ಪರಿನ ಬಾನೆಟ್ ಹಿಡಿದುಕೊಂಡೆ. ಅವನು ಒಳಗೆ ಹೋಗಿ ತಾನೇ ಕುರ್ಚಿ ತಂದಿಟ್ಟ. ಕೂತರೆ ಏಳುವುದು ಕಷ್ಟವೆಂದೆ. ಹಾಗಾದರೆ ತಾನೂ ಕೂರುವುದಿಲ್ಲವೆಂದ. ಇಬ್ಬರೂ ನಿಂತೇ ಚಹಾ ಕುಡಿದೆವು. ಲೋಟ ಕೆಳಗಿಟ್ಟು, "ಹುಡುಗಗ ನಾ ಭಾಳ ಅಂದೀನಿ" ಎಂದ, ನನ್ನ ಮುಖ ನೋಡದೆ. ನಾನು ಕಂಪ್ಲಿಗೆ ಬರಲೇ ಎಂದು ಕೇಳಿದೆ. "ಈಗ ಬ್ಯಾಡ. ಅಕ್ಕ ತಡಕಳ್ಳಂಗಿಲ್ಲ. ಕಾಗದ ಬರದು ಕೊಡ್ರಿ, ಅವನ ಕೈಯಾಗ ನಾ ಕೊಡ್ತೀನಿ. ಡಾಕ್ಟರ ಹತ್ರನೂ ನಾನೇ ಕರಕಂಡು ಬರ್ತೀನಿ" ಎಂದ. ಅವನು ಕೊಟ್ಟ ಮಾತು ಉಳಿಸಿಕೊಂಡಿದ್ದಾನೆ ಎಂಬುದಕ್ಕೆ ಈ ಕಾಗದ ನಿನ್ನ ಕೈಯಲ್ಲಿರುವುದೇ ಸಾಕ್ಷಿ. ಅವನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಈ ಅದಿರಿನ ಕಾಲದಲ್ಲಿ ಎಲ್ಲರೂ ಓಡುತ್ತಿದ್ದಾರೆ, ಓಡುವವರಿಗೆ ನಿಂತವನು ಕಳ್ಳನಂತೆ ಕಾಣುತ್ತಾನೆ.

ಡಾಕ್ಟರನ್ನು ಕಾಣುವ ತನಕ ಇಷ್ಟು ಮಾಡು. ಯಾರಿಂದಲೂ ಬೆನ್ನು ತುಳಿಸಿಕೊಳ್ಳಬೇಡ, ಚುಟಿಗೆಯ ಮಾತು ಬಂದರೆ ಎದ್ದು ಬಾ. ಎತ್ತರದ ದಿಂಬು ಬಿಡು. ಔಷಧಿ ಅಂಗಡಿಯ ನೋವಿನ ಗುಳಿಗೆಯನ್ನು ಸಿಕ್ಕಂತೆ ನುಂಗಬೇಡ, ನನ್ನ ಹೊಟ್ಟೆ ಕೆಟ್ಟದ್ದು ಅದರಿಂದ. ಮುಂಜಾನೆ ಏಳಲು ಬರದಿದ್ದರೆ ನಿಮ್ಮವ್ವನಿಗೆ ಬಾಯಿ ಬಿಟ್ಟು ಹೇಳು, "ಅವ್ವಾ, ನೋಯ್ತೈತಿ" ಅನ್ನು. ಸಣ್ಣ ಮಾತು. ನನ್ನ ಬಾಯಿಂದ ಬರಲಿಲ್ಲ. ಈ ಕಾಗದವನ್ನು ಅವಳಿಗೆ ಓದಿ ಹೇಳುವುದು, ಬಿಡುವುದು ನಿನಗೆ ಸೇರಿದ್ದು. ನಾನು ಅವಳಿಂದ ಏನನ್ನೂ ಬೇಡುತ್ತಿಲ್ಲ. ಅಂದು ನನಗೆ ನಿದ್ದೆ ಹತ್ತಿರಲಿಲ್ಲ ಎಂಬಷ್ಟು ಅವಳಿಗೆ ತಿಳಿದರೆ ಸಾಕು, ತನ್ನ ಅಪ್ಪನ ಸಾವಿನ ಮೇಲಿನ ಆ ಒಂದು ಅವಮಾನವಾದರೂ ಅವಳ ಮನಸ್ಸಿನಿಂದ ಇಳಿದೀತು.

ನನ್ನನ್ನು ನೋಡಿದಾಗ ನೀನು ಬೆಚ್ಚಬಾರದು, ಅದಕ್ಕೆ ಮೊದಲೇ ಹೇಳುತ್ತೇನೆ. ನಾನೀಗ ಎದುರಿಗಿದ್ದವರ ಮುಖ ನೋಡಬೇಕಾದರೆ ಕಣ್ಣಷ್ಟನ್ನೇ ಮೇಲೆತ್ತಬೇಕು, ಕುತ್ತಿಗೆ ಬರುವುದಿಲ್ಲ. ನೀನೂ ಹೀಗೇ ಆಗುತ್ತೀ ಎಂದುಕೊಳ್ಳಬೇಡ. ನನಗೆ ಹೆಸರು ಸಿಗುವಷ್ಟರಲ್ಲಿ ಹನ್ನೊಂದು ವರ್ಷ ಹೋಗಿತ್ತು. ನಿನಗೆ ಒಂದು ವರ್ಷದೊಳಗೇ ಸಿಗುತ್ತಿದೆ. ಈಗಲೇ ಹಿಡಿದರೆ ನಿನ್ನ ಬೆನ್ನು ನೆಟ್ಟಗೆ ಉಳಿಯಬಹುದು ಎಂದು ಡಾಕ್ಟರು ನನಗೆ ಹೇಳಿದ್ದಾರೆ.

ನಿನ್ನ ಮೈಗೆ ನೆಮ್ಮದಿ ಇರಲಿ, ಮುಂಜಾನೆಗಳು ಹಗುರಾಗಲಿ. ಜಂಬವ್ವ ಬಂದರೆ ಒಂದು ತಂಬಿಗೆ ನೀರು ಕೊಟ್ಟು ಕೂರಿಸಿ ಮಾತಾಡಿಸು. ನಿಮ್ಮವ್ವನಿಗೆ ನನ್ನ ನಮಸ್ಕಾರ.

ನಿಮ್ಮಪ್ಪ,
ಪಕ್ಕೀರಪ್ಪ

ತಾ. ಕ.: ಕವರು ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಬಳ್ಳಾರಿಯ ಆ ಡಾಕ್ಟರು ಇಪ್ಪತ್ತಾರನೆಯ ತಾರೀಖು ಸೋಮವಾರ ಹತ್ತು ಗಂಟೆಗೆ ಹೊಸಪೇಟೆಗೆ ಬರುತ್ತಾರೆ. ನಿನ್ನ ಹೆಸರು ಬರೆಸಿದ್ದೇನೆ, ಜಾಗ ಚನ್ನಯ್ಯನಿಗೆ ಗೊತ್ತು. ಅವರು ಬೆನ್ನು ಮುಟ್ಟಿ ನೋಡುವ ಮೊದಲು, ನಿಮ್ಮ ಮನೆಯಲ್ಲಿ ಯಾರಿಗಾದರೂ ಇದು ಇದೆಯೇ ಎಂದು ಕೇಳುತ್ತಾರೆ. ಸಿಟ್ಟಿನಲ್ಲೋ ಸಂಕೋಚದಲ್ಲೋ ಯಾರಿಗೂ ಇಲ್ಲ ಎಂದುಬಿಡಬೇಡ, ರೋಗ ಗುರುತು ಹಿಡಿಯಲು ಅವರಿಗೆ ಅದು ಬೇಕು. "ಹೌದ್ರಿ, ನಮ್ಮಪ್ಪಗ ಐತಿ" ಅನ್ನು. ನಾನು ಒಳಗೆ ಬರುವುದಿಲ್ಲ. ಬಾಗಿಲ ಹೊರಗೆ ನಿಂತಿರುತ್ತೇನೆ. ಅಲ್ಲಿಗೆ ಕೇಳಿಸುತ್ತದೆ.